ರೈಜನ್ 9600ಎಕ್ಸ್ + ಬಿ650 ಬೋರ್ಡ್: ಫ್ಯಾನ್ ತಿರುಗುತ್ತೆ, ಡಿಸ್‌ಪ್ಲೇ ಬರ್ತಿಲ್ಲ. ಪಾರ್ಟ್ ಆರಿಸಿದ್ದರಲ್ಲೇ ತಪ್ಪಾಗಿದೆಯಾ?

ನೀಲಿದೀಪ:

ಎಲ್ಲರಿಗೂ ನಮಸ್ಕಾರ. ನಾನೇ ಪಾರ್ಟ್ ಆರಿಸಿ ಗೇಮಿಂಗ್ ಪಿಸಿ ಜೋಡಿಸ್ತಿರೋದು ಇದೇ ಮೊದಲು. ಮೂರು ತಿಂಗಳು ಓದಿ, ಪಟ್ಟಿ ಮಾಡಿ, ಒಂದೊಂದೇ ತಗೊಂಡೆ. ನಿನ್ನೆ ರಾತ್ರಿ ಪವರ್ ಬಟನ್ ಒತ್ತಿದಾಗ ಫ್ಯಾನ್‌ಗಳೆಲ್ಲ ತಿರುಗಿದವು, ಆದರೆ ಮಾನಿಟರ್‌ನಲ್ಲಿ ಏನೂ ಬರಲಿಲ್ಲ. ಮದರ್‌ಬೋರ್ಡ್ ಮೇಲೆ ಒಂದು ಕೆಂಪು ಲೈಟ್ ಹತ್ತಿ ಹಾಗೇ ನಿಂತಿದೆ.

ಪ್ರಾಸೆಸರ್: ಎಎಂಡಿ ರೈಜನ್ 5 9600ಎಕ್ಸ್, ಹೊಸದು
ಬೋರ್ಡ್: ಬಿ650, ಮೈಕ್ರೋ ಎಟಿಎಕ್ಸ್, ಸೀಲ್ ಒಡೆಯದ ಹಳೇ ಸ್ಟಾಕ್
ರ‍್ಯಾಮ್: ಡಿಡಿಆರ್5 6000 ಸಿಎಲ್30, 16 ಜಿಬಿಯ ಎರಡು ಸ್ಟಿಕ್
ಎಸ್‌ಎಸ್‌ಡಿ: 1 ಟಿಬಿ ಎನ್‌ವಿಎಂಇ, ಹೊಸದು
ಕೂಲರ್: ಹಳೇ ಎಎಂ4 (ಎಎಂಡಿಯ ಹಿಂದಿನ ಸಾಕೆಟ್) ಪಿಸಿಯಿಂದ ತೆಗೆದ ಟವರ್ ಕೂಲರ್
ಪವರ್ ಸಪ್ಲೈ: 550 ವ್ಯಾಟ್, ಅದೂ ಹಳೇ ಪಿಸಿಯದ್ದು, ಏಳು ವರ್ಷ ಆಗಿದೆ
ಕೇಸ್: ಮೈಕ್ರೋ ಎಟಿಎಕ್ಸ್, ಕಾರ್ಡ್‌ಗೆ 340 ಮಿ.ಮೀ. ಜಾಗ ಅಂತ ಬರೆದಿದೆ
ಗ್ರಾಫಿಕ್ಸ್ ಕಾರ್ಡ್: ಆರ್‌ಟಿಎಕ್ಸ್ 5070, ಮೂರು ಫ್ಯಾನ್, 330 ಮಿ.ಮೀ. ಆರ್ಡರ್ ಮಾಡಿದ್ದೀನಿ, ಇನ್ನೂ ಬಂದಿಲ್ಲ

ಸದ್ಯ ಎಚ್‌ಡಿಎಂಐ ಕೇಬಲ್ ಬೋರ್ಡ್‌ಗೇ ಹಾಕಿದ್ದೀನಿ. ಪಾರ್ಟ್‌ಗಳ ಹೊಂದಾಣಿಕೆ ನೋಡೋ ಸೈಟ್‌ನಲ್ಲಿ ಎಲ್ಲಾ ಹಸಿರು ಟಿಕ್ ಬಂದಿತ್ತು. ಪ್ರಾಸೆಸರ್ ಕೂರೋ ಸಾಕೆಟ್ ಎರಡರದ್ದೂ ಒಂದೇ: ಪ್ರಾಸೆಸರ್ರೂ ಎಎಂ5, ಬೋರ್ಡೂ ಎಎಂ5. ರ‍್ಯಾಮ್ ತೆಗೆದು ಹಾಕಿ ನೋಡಿದೆ, ಒಂದೇ ಸ್ಟಿಕ್ ಹಾಕಿಯೂ ನೋಡಿದೆ, ಏನೂ ಬದಲಾಗಲಿಲ್ಲ. ಪ್ರಾಸೆಸರ್ ಸುಟ್ಟು ಹೋಗಿದೆಯಾ ಅಂತ ಭಯ ಆಗ್ತಿದೆ.

ಗರಗರಫ್ಯಾನ್:

ಪ್ರಾಸೆಸರ್ ಸುಟ್ಟಿರಂಗಿಲ್ಲ ಬಿಡ್ರಿ, ಹೊಸಾದು ಅಷ್ಟು ಸುಲಭಕ್ಕ ಸುಡಂಗಿಲ್ಲ. ಮೊದಲ ಎರಡು ಮಾತು ಹೇಳ್ರಿ. ಕೆಂಪು ಲೈಟಿನ ಪಕ್ಕ ಏನು ಬರದೈತಿ? ಮ್ಯಾಲೆ ಎಡಗಡಿ ಮೂಲಿಯೊಳಗ ಪ್ರಾಸೆಸರಿಗೆ ಅಂತ 8 ಪಿನ್ನಿಂದು ಒಂದು ಪ್ಲಗ್ ಇರತೈತಿ, ಅದನ್ನ ಹಾಕೀರೇನು? ಬರೇ ಬೋರ್ಡಿನ 24 ಪಿನ್ ಪ್ಲಗ್ ಹಾಕಿದ್ರೂ ಫ್ಯಾನ್ ತಿರಗತಾವ, ಹಂಗಾಗಿ ಭಾಳ ಮಂದಿ ಅದನ್ನ ಮರೀತಾರ.

ನೀಲಿದೀಪ:

8 ಪಿನ್ ಹಾಕಿದ್ದೀನಿ, 4+4 ಅಂತ ಎರಡು ಭಾಗ ಇರೋ ಪ್ಲಗ್. ಕ್ಲಿಕ್ ಅಂತ ಕೂತಿದೆ. ಲೈಟ್ ಪಕ್ಕ "ಸಿಪಿಯು" ಅಂತಿದೆ. ಅದರ ಕೆಳಗೆ ಡಿರ‍್ಯಾಮ್, ವಿಜಿಎ, ಬೂಟ್ ಅಂತ (ಅಂದರೆ ರ‍್ಯಾಮ್, ಗ್ರಾಫಿಕ್ಸ್, ಬೂಟ್ ಹಂತ) ಇನ್ನೂ ಮೂರು ಲೈಟ್ ಇವೆ, ಅವು ಹತ್ತೋದೇ ಇಲ್ಲ. ಹತ್ತು ನಿಮಿಷ ಕಾದು ನೋಡಿದ್ದೀನಿ.

ಹಳೇಸ್ಕ್ರೂಡ್ರೈವರ್:

ನಿಮ್ಮ ಪಟ್ಟಿಯಲ್ಲಿ "ಹಳೇ ಸ್ಟಾಕ್" ಅಂತ ಬರೆದಿದ್ದೀರಲ್ಲ, ಸಮಸ್ಯೆ ಅಲ್ಲೇ ಇದೆ ಅಂತ ನನಗೆ ಬಲವಾಗಿ ಅನ್ನಿಸ್ತಿದೆ.

ಬಿ650 ಬೋರ್ಡ್‌ಗಳು ಬಂದದ್ದು 2022ರ ಅಕ್ಟೋಬರ್‌ನಲ್ಲಿ, ರೈಜನ್ 7000 ಪ್ರಾಸೆಸರ್‌ಗಳಿಗಾಗಿ. ನಿಮ್ಮ 9600ಎಕ್ಸ್ ಬಂದದ್ದು 2024ರ ಆಗಸ್ಟ್‌ನಲ್ಲಿ. ಎರಡಕ್ಕೂ ಸಾಕೆಟ್ ಒಂದೇ, ಸಂಪರ್ಕದ ಪಿನ್‌ಗಳು 1718. ಕೂರಿಸಿದರೆ ಸರಿಯಾಗೇ ಕೂರುತ್ತೆ. ಆದರೆ ಬೋರ್ಡ್ ಮೇಲಿನ ಬಯೋಸ್ ಚಿಪ್‌ನಲ್ಲಿರೋ ಪಿಸಿ ಎಬ್ಬಿಸೋ ಪ್ರೋಗ್ರಾಂಗೆ ಎದುರಿಗಿರೋ ಪ್ರಾಸೆಸರ್ ಯಾವುದು, ಅದನ್ನ ಎಬ್ಬಿಸೋದು ಹೇಗೆ ಅನ್ನೋದು ಗೊತ್ತಿರಬೇಕು. 2022 ಅಥವಾ 2023ರಲ್ಲಿ ಡಬ್ಬಿ ಸೇರಿದ ಬೋರ್ಡ್‌ನ ಬಯೋಸ್ 9000 ಸರಣಿ ಹುಟ್ಟೋದಕ್ಕೂ ಮುಂಚೆ ಬರೆದದ್ದು. ಗುರುತು ಸಿಗದ ಪ್ರಾಸೆಸರ್ ಎದುರಿಗೆ ಬಂದಾಗ ಮೊದಲ ಹಂತದಲ್ಲೇ ನಿಂತುಬಿಡುತ್ತೆ, ಆ ಹಂತದ ಲೈಟೇ ಸಿಪಿಯು. ರ‍್ಯಾಮ್ ಪರೀಕ್ಷೆಗೆ ಸರದಿಯೇ ಬಂದಿಲ್ಲ. ಹಾಗಾಗಿ ಸ್ಟಿಕ್ ಎಷ್ಟು ಸಲ ತೆಗೆದು ಹಾಕಿದರೂ ಪ್ರಯೋಜನ ಇಲ್ಲ.

ಹಸಿರು ಟಿಕ್ ಕೊಟ್ಟ ಸೈಟ್ ಸುಳ್ಳು ಹೇಳಿಲ್ಲ. ಅದು ನೋಡಿದ್ದು ಸಾಕೆಟ್. ಅಂಥ ಪುಟದಲ್ಲಿ ಕೆಳಗೆಲ್ಲೋ "ಬಯೋಸ್ ಅಪ್‌ಡೇಟ್ ಬೇಕಾಗಬಹುದು" ಅಂತ ಸಣ್ಣ ಅಕ್ಷರದಲ್ಲಿ ಇರುತ್ತೆ.

ಈಗ ಹೀಗೆ ಮಾಡಿ. ಬೋರ್ಡ್ ತಯಾರಕರ ಸೈಟ್‌ನಲ್ಲಿ ನಿಮ್ಮ ಮಾಡೆಲ್‌ನ ಪುಟಕ್ಕೆ ಹೋಗಿ. ಪ್ರಾಸೆಸರ್‌ಗಳ ಬೆಂಬಲ ಪಟ್ಟಿ ಅಂತ ಒಂದು ವಿಭಾಗ ಇರುತ್ತೆ, ಅದರಲ್ಲಿ 9600ಎಕ್ಸ್ ಸಾಲು ಹುಡುಕಿ. ಅದೇ ಸಾಲಿನ ಕೊನೆಗೆ ಯಾವ ಬಯೋಸ್ ಆವೃತ್ತಿಯಿಂದ ನಡೆಯುತ್ತೆ ಅಂತ ಇರುತ್ತೆ. ಆ ಸಂಖ್ಯೆ ಇಲ್ಲಿ ಬರೆಯಿರಿ. ಜೊತೆಗೆ ಡಬ್ಬಿ ಮೇಲೆ ಅಥವಾ ಬೋರ್ಡ್‌ನ ಚಿಪ್ ಮೇಲೆ ಆವೃತ್ತಿ ಬರೆದ ಸಣ್ಣ ಸ್ಟಿಕರ್ ಇದೆಯಾ ನೋಡಿ.

ನೀಲಿದೀಪ:

ಸಿಕ್ತು. ಪಟ್ಟಿ ಪ್ರಕಾರ 9600ಎಕ್ಸ್‌ಗೆ ಆವೃತ್ತಿ 28 ಬೇಕು. ಡಬ್ಬಿ ಮೇಲಿನ ಸ್ಟಿಕರ್‌ನಲ್ಲಿ 10 ಅಂತಿದೆ. ಆದರೆ ಪಿಸಿಯೇ ಎದ್ದೇಳ್ತಿಲ್ಲ, ಬಯೋಸ್ ಅಪ್‌ಡೇಟ್ ಮಾಡೋದು ಹೇಗೆ? ಇದಕ್ಕೋಸ್ಕರ 7000 ಸರಣಿಯ ಪ್ರಾಸೆಸರ್ ಯಾರ ಹತ್ತಿರವಾದರೂ ಕೇಳಿ ತರಬೇಕಾ?

ಹಳೇಸ್ಕ್ರೂಡ್ರೈವರ್:

ಬೇಡ. ಬೋರ್ಡ್ ಹಿಂಭಾಗದಲ್ಲಿ, ಯುಎಸ್‌ಬಿ ಪೋರ್ಟ್‌ಗಳ ಪಕ್ಕ, ಸಣ್ಣ ಬಟನ್ ಇದೆಯಾ ನೋಡಿ. ಬಯೋಸ್ ಫ್ಲ್ಯಾಶ್‌ಬ್ಯಾಕ್, ಫ್ಲ್ಯಾಶ್ ಬಯೋಸ್, ಕ್ಯೂ-ಫ್ಲ್ಯಾಶ್ ಪ್ಲಸ್ ಹೀಗೆ ಒಬ್ಬೊಬ್ಬ ತಯಾರಕರದ್ದು ಒಂದೊಂದು ಹೆಸರು. ಪ್ರಾಸೆಸರ್ ಎದ್ದೇಳದಿದ್ದರೂ ಇದು ಕೆಲಸ ಮಾಡುತ್ತೆ. ಬೋರ್ಡ್‌ನಲ್ಲೇ ಇರೋ ಬೇರೆ ಪುಟ್ಟ ಚಿಪ್ ಪೆನ್‌ಡ್ರೈವ್‌ನಿಂದ ಫೈಲ್ ಓದಿ ಬಯೋಸ್ ಚಿಪ್‌ಗೆ ಬರೆಯುತ್ತೆ.

ಡೌನ್‌ಲೋಡ್ ಮಾಡುವಾಗ ಮಾಡೆಲ್ ಹೆಸರನ್ನ ಅಕ್ಷರ ಅಕ್ಷರ ಹೋಲಿಸಿ. ಹೆಸರಿನ ಕೊನೆಗೆ "ವೈಫೈ" ಇರೋದು, ಇಲ್ಲದ್ದು ಬೇರೆ ಬೇರೆ ಬೋರ್ಡ್ ಆಗಿರಬಹುದು. ಕೆಲವದರಲ್ಲಿ ರಿವಿಷನ್ 1.0, 1.1 ಅಂತ ಬೋರ್ಡ್ ಮೂಲೆಯಲ್ಲಿ ಮುದ್ರಿಸಿರ್ತಾರೆ, ಅದೂ ಹೊಂದಬೇಕು. ಪೆನ್‌ಡ್ರೈವ್ 32 ಜಿಬಿ ಅಥವಾ ಅದಕ್ಕಿಂತ ಚಿಕ್ಕದಿರಲಿ, ಫ್ಯಾಟ್32 ಅನ್ನೋ ಫೈಲ್ ವ್ಯವಸ್ಥೆಗೆ ಫಾರ್ಮ್ಯಾಟ್ ಮಾಡಿ. ಜಿಪ್ ಬಿಚ್ಚಿ ಒಳಗಿನ ಫೈಲನ್ನ ಯಾವ ಫೋಲ್ಡರ್‌ಗೂ ಹಾಕದೆ ನೇರವಾಗಿ ಪೆನ್‌ಡ್ರೈವ್‌ಗೆ ಹಾಕಿ, ಕೈಪಿಡಿಯಲ್ಲಿ ಹೇಳಿದ ಹೆಸರಿಗೇ ಬದಲಾಯಿಸಿ. ಗುರುತು ಮಾಡಿದ ಒಂದೇ ಪೋರ್ಟ್‌ಗೆ ಅದನ್ನ ಚುಚ್ಚಬೇಕು, ಬೇರೆ ಪೋರ್ಟ್‌ನಲ್ಲಿ ಓದೋದಿಲ್ಲ.

24 ಪಿನ್ ಮತ್ತು 8 ಪಿನ್ ಪ್ಲಗ್ ಹಾಕಿರಲಿ, ಪವರ್ ಸಪ್ಲೈನ ಹಿಂದಿನ ಸ್ವಿಚ್ ಆನ್ ಇರಲಿ, ಪಿಸಿ ಮಾತ್ರ ಆಫ್ ಇರಬೇಕು. ಬಟನ್ ಸುಮಾರು ಮೂರು ಸೆಕೆಂಡ್ ಒತ್ತಿ ಹಿಡಿದು ಬಿಡಿ. ಪಕ್ಕದ ಲೈಟ್ ಮಿನುಗೋಕೆ ಶುರುವಾದರೆ ಕೆಲಸ ನಡೀತಿದೆ ಅಂತ ಅರ್ಥ. ಐದರಿಂದ ಹತ್ತು ನಿಮಿಷ ಹಿಡಿಯುತ್ತೆ. ಆ ಹೊತ್ತಿನಲ್ಲಿ ಕರೆಂಟ್ ಹೋಗಬಾರದು, ಯುಪಿಎಸ್ ಇದ್ದರೆ ಅದಕ್ಕೇ ಹಾಕಿ. ಒಂದೆರಡು ಸಲ ಮಿನುಗಿ ನಿಂತುಹೋದರೆ ಫೈಲ್ ಹೆಸರೋ ಫಾರ್ಮ್ಯಾಟೋ ತಪ್ಪಿದೆ. ಅದರಿಂದ ಬೋರ್ಡ್‌ಗೆ ಏನೂ ಆಗಲ್ಲ, ಸರಿಮಾಡಿ ಮತ್ತೆ ಒತ್ತಿ.

ತಾಮ್ರದತಂತಿ:

ಬಯೋಸ್ ವಿಷಯ ಅವರು ಸರಿಯಾಗಿ ಹೇಳಿದ್ದಾರೆ. ಕಾರ್ಡ್ ಬರೋ ಮುಂಚೆ ಪವರ್ ಸಪ್ಲೈ ಬಗ್ಗೆ ಮಾತಾಡಲೇಬೇಕು.

ಆರ್‌ಟಿಎಕ್ಸ್ 5070 ಎಳೆಯೋದು 250 ವ್ಯಾಟ್. 9600ಎಕ್ಸ್‌ಗೆ 65 ವ್ಯಾಟ್ ಅಂತ ಬರೆದಿದ್ದರೂ ಪೂರ್ತಿ ಕೆಲಸ ಬಿದ್ದಾಗ ಅದರ ಮಿತಿ 88 ವ್ಯಾಟ್. ಬೋರ್ಡ್, ರ‍್ಯಾಮ್, ಫ್ಯಾನ್, ಎಸ್‌ಎಸ್‌ಡಿಗೆ 50 ಇಟ್ಟುಕೊಂಡರೂ 400ರ ಒಳಗೇ ಬರುತ್ತೆ. ಹಾಗಾದರೆ 550 ಸಾಕಲ್ಲ ಅಂತ ನೀವು ಕೇಳಬಹುದು. ಆದರೆ ಕಾರ್ಡ್‌ಗಳು ಒಂದೆರಡು ಮಿಲಿಸೆಕೆಂಡ್ ಹೊತ್ತು ತಮ್ಮ ಮಿತಿ ಮೀರಿ ಎಳೆಯುತ್ತವೆ. ಹಳೇ ಸಪ್ಲೈ ಅದನ್ನ ತಪ್ಪು ಅಂದುಕೊಂಡು ಆಟದ ನಡುವೆ ಪಿಸಿಯನ್ನ ಧಡಕ್ಕನೆ ಆಫ್ ಮಾಡಿಬಿಡುತ್ತೆ. ಈ ಜಿಗಿತ ತಡೆಯೋ ನಿಯಮ ಬಂದದ್ದು ಪವರ್ ಸಪ್ಲೈಗಳ ಹೊಸ ಮಾನದಂಡಗಳಾದ ಎಟಿಎಕ್ಸ್ 3.0 ಮತ್ತು 3.1ರಲ್ಲಿ. ಈ ಕಾರ್ಡ್‌ಗೆ ಎನ್ವಿಡಿಯಾ ಹೇಳೋದೇ 650 ವ್ಯಾಟ್. ನನ್ನ ಕೇಳಿದರೆ ಎಟಿಎಕ್ಸ್ 3.1ರ 750 ವ್ಯಾಟ್ ತಗೊಳ್ಳಿ, ಕಾರ್ಡ್‌ಗೆ ಬೇಕಾದ 16 ಪಿನ್ ಕೇಬಲ್ ಅದರ ಜೊತೆಗೇ ಬರುತ್ತೆ. "80 ಪ್ಲಸ್ ಗೋಲ್ಡ್" ನೋಡಿ ಮಾತ್ರ ನಿರ್ಧರಿಸಬೇಡಿ, ಅದು ವಿದ್ಯುತ್ ಎಷ್ಟು ಪೋಲಾಗುತ್ತೆ ಅನ್ನೋದರ ಅಳತೆ ಅಷ್ಟೆ.

ಇನ್ನೊಂದು ಮಾತು, ದಯವಿಟ್ಟು ಮರೀಬೇಡಿ. ಹೊಸ ಸಪ್ಲೈ ಹಾಕುವಾಗ ಹಳೇದರ ಮಾಡ್ಯುಲರ್ ಕೇಬಲ್ (ಸಪ್ಲೈನಿಂದ ಬಿಚ್ಚಿ ತೆಗೆಯೋ ಥರದ್ದು) ಒಂದನ್ನೂ ಉಳಿಸಿಕೊಳ್ಳಬೇಡಿ. ಡ್ರೈವ್ ಕಡೆಯ ತುದಿ ಎಲ್ಲರದ್ದೂ ಒಂದೇ ಥರ. ಸಪ್ಲೈ ಕಡೆಯ ತುದಿಗೆ ಅಂಥ ನಿಯಮ ಇಲ್ಲ. ಪ್ಲಗ್ ಸರಿಯಾಗಿ ಕೂರುತ್ತೆ, ಒಳಗೆ 12 ವೋಲ್ಟ್ ಮತ್ತು 5 ವೋಲ್ಟ್ ಅದಲುಬದಲಾಗಿರುತ್ತೆ. ಕೇಸ್ ಹಿಂದಿನ ವೈರಿಂಗ್ ಮತ್ತೆ ಬಿಚ್ಚೋದು ಬೇಡ ಅಂತ ನಾನು ಡ್ರೈವ್‌ಗಳಿಗೆ ಕರೆಂಟ್ ಕೊಡೋ ಹಳೇ ಸಾಟಾ ಕೇಬಲನ್ನೇ ಬಿಟ್ಟಿದ್ದೆ. ಆನ್ ಮಾಡಿದ ಕ್ಷಣದಲ್ಲೇ ಒಂದು ಎಸ್‌ಎಸ್‌ಡಿ, ಒಂದು ಹಾರ್ಡ್‌ಡಿಸ್ಕ್ ಎರಡೂ ಹೋದವು. ಹಾರ್ಡ್‌ಡಿಸ್ಕ್‌ನಲ್ಲಿ ಮಗಳು ಹುಟ್ಟಿದಾಗಿನಿಂದ ತೆಗೆದ ಫೋಟೊಗಳಿದ್ದವು. ಅವು ಸಿಗಲೇ ಇಲ್ಲ.

ನೀಲಿದೀಪ:

ಓದಿ ತುಂಬಾ ಬೇಜಾರಾಯ್ತು. ಸಪ್ಲೈ ಬದಲಾಯಿಸ್ತೀನಿ, ಕೇಬಲ್ ಸಮೇತ.

ಈಗ ಬಯೋಸ್ ಸುದ್ದಿ. ಮೊದಲ ಸಲ ಲೈಟ್ ಮೂರು ಸಲ ಮಿನುಗಿ ನಿಂತಿತು. ಪೆನ್‌ಡ್ರೈವ್ ಎಕ್ಸ್‌ಫ್ಯಾಟ್‌ನಲ್ಲಿತ್ತು. ಫ್ಯಾಟ್32 ಮಾಡಿ ಮತ್ತೆ ಒತ್ತಿದೆ, ಏಳು ನಿಮಿಷ ಮಿನುಗಿ ತಾನೇ ಆರಿತು. ಪವರ್ ಕೊಟ್ಟಾಗ ಸಿಪಿಯು ಲೈಟ್ ಹೋಯ್ತು! ಆದರೆ ಈಗ ಡಿರ‍್ಯಾಮ್ ಲೈಟ್ ಹತ್ತಿ ನಿಂತಿದೆ, ಸ್ಕ್ರೀನ್ ಇನ್ನೂ ಕಪ್ಪು. ಎರಡು ನಿಮಿಷ ಆಯ್ತು. ಆಫ್ ಮಾಡಲಾ?

ಹಳೇಸ್ಕ್ರೂಡ್ರೈವರ್:

ಆಫ್ ಮಾಡಬೇಡಿ! ಬೋರ್ಡ್ ರ‍್ಯಾಮ್ ಜೊತೆ ಹೊಂದಾಣಿಕೆ ಮಾಡಿಕೊಳ್ತಿದೆ, ಇದನ್ನ ಮೆಮೊರಿ ಟ್ರೈನಿಂಗ್ ಅಂತಾರೆ. ಡಿಡಿಆರ್5ನ ಸಿಗ್ನಲ್ ಎಷ್ಟು ವೇಗವಾಗಿ ಓಡುತ್ತೆ ಅಂದರೆ, ಯಾವ ವೋಲ್ಟೇಜ್‌ನಲ್ಲಿ, ಯಾವ ಕ್ಷಣದಲ್ಲಿ ಓದಿದರೆ ತಪ್ಪಿಲ್ಲದೆ ಬರುತ್ತೆ ಅಂತ ಬೋರ್ಡ್ ಒಂದೊಂದೇ ಪ್ರಯತ್ನ ಮಾಡಿ ಕಂಡುಕೊಳ್ಳಬೇಕು. ಎಎಂ5ನಲ್ಲಿ ಮೊದಲ ಸಲ ಹಲವು ನಿಮಿಷ ಹಿಡಿಯುತ್ತೆ, ನಡುವೆ ತಾನೇ ರೀಸ್ಟಾರ್ಟ್ ಕೂಡ ಆಗಬಹುದು. ಕಾಲು ಗಂಟೆ ಮುಟ್ಟದೆ ಬಿಡಿ. ಸ್ಟಿಕ್‌ಗಳು ಪ್ರಾಸೆಸರ್ ಕಡೆಯಿಂದ ಎಣಿಸಿದರೆ ಎರಡನೇ ಮತ್ತು ನಾಲ್ಕನೇ ಸ್ಲಾಟ್‌ನಲ್ಲಿವೆ ತಾನೆ?

ನೀಲಿದೀಪ:

ಹೌದು, ಎ2 ಮತ್ತು ಬಿ2.

ಬಂತು!! ಆರನೇ ನಿಮಿಷಕ್ಕೆ ಸ್ಕ್ರೀನ್ ಬಂತು! ನಿಜ ಹೇಳ್ತೀನಿ, ಕೈ ನಡುಗ್ತಿದೆ. ಹೊಸ ಪ್ರಾಸೆಸರ್ ಹಾಕಿದ್ದೀರಿ, ಎಫ್‌ಟಿಪಿಎಂ ರೀಸೆಟ್ ಮಾಡಲು ವೈ ಒತ್ತಿ, ಬೇಡವಾದರೆ ಎನ್ ಒತ್ತಿ ಅಂತ ಕೇಳ್ತಿದೆ.

ಹಳೇಸ್ಕ್ರೂಡ್ರೈವರ್:

ಎಫ್‌ಟಿಪಿಎಂ ಅಂದರೆ ಭದ್ರತೆಯ ಕೀಗಳನ್ನ ಇಟ್ಟುಕೊಳ್ಳೋ ವ್ಯವಸ್ಥೆ. ಡಿಸ್ಕ್ ಹೊಸದಾದ್ದರಿಂದ ವೈ ಒತ್ತಿ. ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಬೀಗ) ಹಾಕಿದ ಹಳೇ ಡಿಸ್ಕ್ ಇದ್ದವರು ಮಾತ್ರ ರಿಕವರಿ ಕೀ ಕೈಯಲ್ಲಿ ಇಟ್ಟುಕೊಂಡು ಮುಂದುವರಿಯಬೇಕು.

ಬಯೋಸ್ ಒಳಗೆ ಹೋದಾಗ ರ‍್ಯಾಮ್ ವೇಗ ನೋಡಿ, 4800 ಅಂತ ತೋರಿಸುತ್ತೆ. ಎಕ್ಸ್‌ಪೋ (ರ‍್ಯಾಮ್ ತಯಾರಕರು ಸ್ಟಿಕ್‌ನಲ್ಲೇ ಬರೆದಿಟ್ಟ ವೇಗದ ಸೆಟ್ಟಿಂಗ್) ಆನ್ ಮಾಡಿದರೆ 6000ಕ್ಕೆ ಬರುತ್ತೆ. ಮತ್ತೆ ಟ್ರೈನಿಂಗ್ ನಡೆದು ಸ್ಕ್ರೀನ್ ಕಪ್ಪಾಗುತ್ತೆ, ಗಾಬರಿ ಬೇಡ. ಮುಂದೆ ಇನ್ನೆರಡು ಸ್ಟಿಕ್ ಸೇರಿಸಿ 64 ಜಿಬಿ ಮಾಡೋ ಯೋಚನೆ ಇದ್ದರೆ ಈಗಲೇ ಬಿಡಿ. ನಾಲ್ಕು ಸ್ಟಿಕ್ ತುಂಬಿದರೆ ಈ ಪ್ರಾಸೆಸರ್‌ಗೆ ಎಎಂಡಿ ಖಾತ್ರಿ ಕೊಡೋ ವೇಗ ಬರೀ 3600. ಬೇಕಾದಾಗ ಎರಡನ್ನೂ ತೆಗೆದು 32 ಜಿಬಿಯ ಎರಡು ಹಾಕೋದೇ ಸರಿ.

ಗರಗರಫ್ಯಾನ್:

ಭಾಳ ಖುಷಿ ಆತ್ರಿ! ಕೂಲರ್ ಬಗ್ಗೆ ಯಾರೂ ಕೇಳಲಿಲ್ಲ, ನಾ ಕೇಳತೇನಿ. ಎಎಂ4 ಕೂಲರ್ ಎಎಂ5ಕ್ಕ ಹೆಂಗ ಕೂಡಿಸಿದ್ರಿ? ಎಎಂ5ದಾಗ ಬೋರ್ಡಿನ ಹಿಂದಿನ ಪ್ಲೇಟ್ ಸಾಕೆಟ್ಟಿಗೇ ಸೇರಿರತೈತಿ, ತಗ್ಯಾಕ ಬರಂಗಿಲ್ಲ. ತನ್ನದ ಬ್ಯಾರೆ ಪ್ಲೇಟ್ ಹಚ್ಚೋ ಕೂಲರ್ ಇದ್ರ ಹೊಸಾ ಕಿಟ್ ಬೇಕು. ಇನ್ನ ಕಾರ್ಡಿನ ಮಾತು. ಕೇಸಿನವರು 340 ಅಂದಾರ ಖರೆ, ಮುಂದಿನ ಫ್ಯಾನ್ ಹಿಡದೋ, ಬಿಟ್ಟೋ? ಒಂದು ಫ್ಯಾನಿನ ದಪ್ಪ 25 ಮಿ.ಮೀ. ಇರತೈತಿ. ಟೇಪ್ ತಗೊಂಡು ಅಳೀರಿ.

ನೀಲಿದೀಪ:

ಕೂಲರ್ ಪ್ಲಾಸ್ಟಿಕ್ ಬ್ರಾಕೆಟ್‌ಗೆ ಕೊಕ್ಕೆ ಹಾಕೋ ಥರದ್ದು, ಹಾಗಾಗಿ ಸರಿಯಾಗಿ ಕೂತಿದೆ. ಬಯೋಸ್‌ನಲ್ಲಿ ಪ್ರಾಸೆಸರ್ 44 ಡಿಗ್ರಿ ತೋರಿಸ್ತಿದೆ.

ಕಾರ್ಡ್ ಜಾಗ ಅಳೆದೆ. ಕೇಸ್ ಹಿಂಭಾಗದಿಂದ ಮುಂದಿನ ಫ್ಯಾನ್‌ವರೆಗೆ 314 ಮಿ.ಮೀ. ಮಾತ್ರ ಇದೆ! ನನ್ನ ಕಾರ್ಡ್ 330. ನೀವು ಕೇಳದೇ ಇದ್ದಿದ್ದರೆ ಡಬ್ಬಿ ಒಡೆದ ಮೇಲೆ ಗೊತ್ತಾಗ್ತಿತ್ತು. ಆರ್ಡರ್ ಇನ್ನೂ ಹೊರಟಿಲ್ಲ, ಅದೇ 5070ನ ಎರಡು ಫ್ಯಾನ್ ಇರೋ 250 ಮಿ.ಮೀ. ಕಾರ್ಡ್‌ಗೆ ಬದಲಾಯಿಸ್ತೀನಿ. ಚಿಪ್ ಒಂದೇ ಅಲ್ವಾ, ಆಟದಲ್ಲಿ ತುಂಬಾ ವ್ಯತ್ಯಾಸ ಆಗುತ್ತಾ?

ತಾಮ್ರದತಂತಿ:

ಫ್ರೇಂ ಲೆಕ್ಕದಲ್ಲಿ ಗಮನಕ್ಕೆ ಬರೋಷ್ಟು ಇರಲ್ಲ. ಎರಡು ಫ್ಯಾನ್ ಇರೋದು ಸ್ವಲ್ಪ ಹೆಚ್ಚು ಬಿಸಿ, ಸ್ವಲ್ಪ ಹೆಚ್ಚು ಸದ್ದು, ಅಷ್ಟೆ. 16 ಪಿನ್ ಪ್ಲಗ್ಗನ್ನ ಪೂರ್ತಿ ಒಳಗೆ ಹೋಗೋವರೆಗೆ ಒತ್ತಿ, ನಡುವೆ ಸಂದು ಕಾಣಬಾರದು. ಪ್ಲಗ್‌ನಿಂದ 35 ಮಿ.ಮೀ. ನೇರವಾಗಿ ಬಂದ ಮೇಲೆ ಕೇಬಲ್ ಬಾಗಲಿ. ಪಕ್ಕದ ಗಾಜು ಅದನ್ನ ಒತ್ತುತ್ತಿದ್ದರೆ ಗಾಜು ಮುಚ್ಚಬೇಡಿ, ಮೊದಲು ಇಲ್ಲಿ ಹೇಳಿ.

ನೀಲಿದೀಪ:

ಎಂಟು ದಿನದ ಮೇಲೆ ಬರೀತಿದ್ದೀನಿ. 750 ವ್ಯಾಟ್ ಸಪ್ಲೈ ಅದರದ್ದೇ ಕೇಬಲ್‌ಗಳ ಜೊತೆ ಕೂತಿದೆ, ಹಳೇ ಕೇಬಲ್‌ಗಳನ್ನ ಹಳೇ ಸಪ್ಲೈ ಜೊತೆಗೇ ಕಟ್ಟಿ ಎತ್ತಿಟ್ಟೆ. ಕಾರ್ಡ್ ಸಲೀಸಾಗಿ ಹಿಡಿಸಿತು, ಗಾಜಿಗೂ ಕೇಬಲ್‌ಗೂ ನಡುವೆ ಒಂದು ಬೆರಳು ಜಾಗ ಇದೆ. ಮೂರು ಗಂಟೆ ಆಡಿದೆ, ಒಂದು ಸಲವೂ ಆಫ್ ಆಗಲಿಲ್ಲ. ಒಂದೇ ಒಂದು ಅನುಮಾನ: ಫ್ರೇಂ ಲೆಕ್ಕ 120ರ ಮೇಲೆ ತೋರಿಸ್ತಿದೆ, ಆದರೆ ಕಣ್ಣಿಗೆ ಹಳೇ ಪಿಸಿಗಿಂತ ನಯವಾಗಿ ಕಾಣ್ತಿಲ್ಲ. ಮಾನಿಟರ್ 165 ಹರ್ಟ್ಸ್‌ನದ್ದು.

ಹಳೇಸ್ಕ್ರೂಡ್ರೈವರ್:

ಮಾನಿಟರ್ ಕೇಬಲ್ ಬೋರ್ಡ್‌ನಿಂದ ತೆಗೆದು ಕಾರ್ಡ್‌ಗೆ ಹಾಕಿದ್ದೀರಾ? ಡಿಸ್‌ಪ್ಲೇಪೋರ್ಟ್ ಕೇಬಲ್ ಇದ್ದರೆ ಅದನ್ನೇ ಹಾಕಿ. ಆಮೇಲೆ ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ರಿಫ್ರೆಶ್ ರೇಟ್ (ಸ್ಕ್ರೀನ್ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತೆ ಅನ್ನೋದು) ಎಷ್ಟಿದೆ ನೋಡಿ.

ನೀಲಿದೀಪ:

ಕೇಬಲ್ ಇನ್ನೂ ಬೋರ್ಡ್‌ನಲ್ಲೇ ಇತ್ತು, ರೇಟ್ 60ರಲ್ಲಿತ್ತು. ಡಿಸ್‌ಪ್ಲೇಪೋರ್ಟ್‌ನಿಂದ ಕಾರ್ಡ್‌ಗೆ ಹಾಕಿ 165 ಮಾಡಿದೆ. ಮೌಸ್ ಅಲ್ಲಾಡಿಸಿದಾಗಲೇ ಗೊತ್ತಾಗ್ತಿದೆ. ಮೂವರಿಗೂ ತುಂಬಾ ಥ್ಯಾಂಕ್ಸ್. ನನ್ನ ಥರ ಹಳೇ ಸ್ಟಾಕ್ ಬಿ650 ತಗೊಂಡು ಸಿಪಿಯು ಲೈಟ್‌ನಲ್ಲಿ ಸಿಕ್ಕಿಕೊಂಡವರಿಗೆ ಸಿಗಲಿ ಅಂತ ಶೀರ್ಷಿಕೆ ಹಾಗೇ ಬಿಟ್ಟಿದ್ದೀನಿ.