ಭಾವ, ಆಂಪ್ಲಿಫೈಯರ್ ತಗೊಳ್ಳೋಕೆ ಮುಂಚೆ ಇದನ್ನ ಪೂರ್ತಿ ಕೇಳಿ

ಭಾವ, ನಮಸ್ಕಾರ. ಬೆಳಿಗ್ಗೆ ಗ್ರೂಪಲ್ಲಿ ನೀವು ಹಾಕಿದ್ದು ಈಗ ನೋಡ್ದೆ. ಬಲಗಡೆ ಸ್ಪೀಕರ್ ಆಗಾಗ ನಿಂತುಹೋಗುತ್ತೆ, ವಾಲ್ಯೂಮ್ ಪೂರ್ತಿ ಇಳಿಸಿದ್ರೂ ಗುಂಯ್ ಅಂತ ಸದ್ದು ಬರುತ್ತೆ, ಹೊಸ ಆಂಪ್ಲಿಫೈಯರ್ ಯಾವ್ದು ತಗೊಳ್ಳಲಿ ಅಂತ ಕೇಳಿದ್ದೀರಿ. ದೊಡ್ಡಪ್ಪ ಸೌಂಡ್‌ಬಾರ್ ಹಾಕಿಸ್ಬಿಡಿ ಅಂದಿದ್ದಾರೆ, ಪುಟ್ಟು ಅಮೆರಿಕದಿಂದ ತರ್ತೀನಿ ಅಂದಿದ್ದಾನೆ. ಇದು ನಾಲ್ಕು ಸಾಲಲ್ಲಿ ಮುಗಿಯೋ ಮಾತಲ್ಲ, ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ಮೊದಲು ಒಂದು ಪರೀಕ್ಷೆ. ಸೆಟ್ ಆಫ್ ಮಾಡಿ, ಪ್ಲಗ್ ಕಿತ್ತು, ಹಿಂದೆ ಎಡ-ಬಲ ಸ್ಪೀಕರ್ ವೈರ್‌ಗಳನ್ನ ಅದಲುಬದಲು ಮಾಡಿ. ಆಮೇಲೆ ಹಾಕಿ ಕೇಳಿ. ಈಗ ಎಡಗಡೆ ಸ್ಪೀಕರ್ ನಿಂತ್ರೆ ತೊಂದರೆ ಆಂಪ್ಲಿಫೈಯರ್‌ದೇ, ಇಲ್ಲಾ ಅದಕ್ಕೆ ಬರೋ ಸಿಗ್ನಲ್‌ದು. ಮತ್ತೆ ಬಲಗಡೆದೇ ನಿಂತ್ರೆ ಸ್ಪೀಕರ್ ನೋಡ್ಬೇಕು. ರೆಕಾರ್ಡ್ ಪ್ಲೇಯರ್‌ನಿಂದ ಬರೋ ಕೆಂಪು-ಬಿಳಿ ಪಿನ್ ಕೂಡ ಹೀಗೇ ಒಂದ್ಸಲ ಬದಲಾಯಿಸಿ ನೋಡಿ. ಎಷ್ಟೋ ಸಲ ಸಡಿಲ ಪಿನ್ ಒಂದರಿಂದ ಇಡೀ ಸೆಟ್ ಹೋಯ್ತು ಅಂದ್ಕೋತೀವಿ.

ಗುಂಯ್ ಅನ್ನೋದಕ್ಕೆ ಬಂದ್ರೆ, ವಾಲ್ಯೂಮ್ ಏರಿಸಿದ ಹಾಗೆ ಅದೂ ಏರ್ತಾ ಇದ್ರೆ ರೆಕಾರ್ಡ್ ಪ್ಲೇಯರ್‌ನ ತೆಳು ಅರ್ಥ್ ವೈರ್ ಹಿಂದಿನ ಸ್ಕ್ರೂನಿಂದ ಬಿಟ್ಟಿರ್ಬಹುದು, ಬಿಗಿ ಮಾಡಿದ್ರೆ ಮುಗೀತು. ಆದ್ರೆ ನೀವು ಹೇಳಿದ್ದು ಸೊನ್ನೆಯಲ್ಲೂ ಬರುತ್ತೆ ಅಂತ. ಹಾಗಾದ್ರೆ ಒಳಗಿನ ದೊಡ್ಡ ಕೆಪಾಸಿಟರ್‌ಗಳು ಒಣಗಿರೋ ಸಾಧ್ಯತೆನೇ ಹೆಚ್ಚು. ನಮ್ಮ ಕರೆಂಟು 50 ಹರ್ಟ್ಸ್, ಸೆಟ್ ಒಳಗೆ ಅದನ್ನ ಡಿಸಿ, ಅಂದ್ರೆ ಒಂದೇ ದಿಕ್ಕಲ್ಲಿ ಹರಿಯೋ ಕರೆಂಟ್ ಮಾಡೋವಾಗ ಉಳಿಯೋ ಏರಿಳಿತ 100 ಹರ್ಟ್ಸ್, ಅದೇ ಗುಂಯ್ ಅಂತ ಕೇಳೋದು. ಅದನ್ನ ನುಂಗಿಕೊಳ್ಳೋದೇ ಆ ಕೆಪಾಸಿಟರ್ ಕೆಲಸ. ಮೂವತ್ತು ವರ್ಷ ಆಯ್ತಲ್ಲ, ಅದಕ್ಕೂ ಆಯಸ್ಸು ಅಂತ ಇರುತ್ತೆ. ಇನ್ನೊಂದು ನೋಡಿ, ಕರೆಂಟ್ ಹೋಗಿ ಇನ್ವರ್ಟರ್ ಮೇಲೆ ಇದ್ದಾಗ ಮಾತ್ರ ಜಾಸ್ತಿ ಗುಂಯ್ ಅಂದ್ರೆ ಅದು ಇನ್ವರ್ಟರ್ ಕೊಡೋ ಕರೆಂಟಿನ ದೋಷ.

ರಿಪೇರಿ ಮಾಡಿಸ್ಬಹುದಾ ಅಂದ್ರೆ, ನಿಮ್ಮದು ಆಗ್ಲೇ ಎರಡು ಸಲ ಆಗಿದೆ. ನನ್ನ ಹಳೇ ಸೆಟ್ ಕಥೆ ನಿಮಗೆ ಗೊತ್ತಿಲ್ಲ. ಒಬ್ಬರ ಹತ್ರ ಕೊಟ್ಟೆ, ಔಟ್‌ಪುಟ್ ಟ್ರಾನ್ಸಿಸ್ಟರ್ ಬದಲಾಯಿಸಿದ್ರು, ನಕಲಿ ಮಾಲು. ಮೂರು ತಿಂಗಳಿಗೆ ಶಾರ್ಟ್ ಆಗಿ ಡಿಸಿ ಕರೆಂಟು ನೇರ ಸ್ಪೀಕರ್‌ಗೆ ನುಗ್ತು. ವೂಫರ್, ಅಂದ್ರೆ ಬೇಸ್ ಕೊಡೋ ದೊಡ್ಡ ಸ್ಪೀಕರ್, ಅದರ ಕೋನ್ ಮುಂದಕ್ಕೆ ಉಬ್ಬಿ ಹಾಗೇ ನಿಂತಿತ್ತು, ಸುಟ್ಟ ವಾರ್ನಿಷ್ ವಾಸನೆ ಎರಡು ದಿನ ಹಾಲ್‌ನಿಂದ ಹೋಗ್ಲಿಲ್ಲ. ಆಂಪ್ಲಿಫೈಯರ್ ಜೊತೆ ಸ್ಪೀಕರೂ ಹೋಯ್ತು. ನಿಮ್ಮ ಆ ಸ್ಪೀಕರ್‌ಗಳಿಗೆ ಹಾಗಾಗ್ಬಾರ್ದು ಅಂತಲೇ ಹೊಸದು ತಗೊಳ್ಳಿ ಅಂತೀನಿ.

ಇನ್ನು ವ್ಯಾಟ್ ವಿಷಯ, ಎಲ್ಲರೂ ಮೋಸ ಹೋಗೋದು ಇಲ್ಲೇ. ಡಬ್ಬದ ಮೇಲೆ ಪಿಎಂಪಿಒ, ಅಂದ್ರೆ ಕ್ಷಣಮಾತ್ರದ ಪವರ್ ಅಂತ ಸಾವಿರಗಟ್ಟಲೆ ಬರೆದಿದ್ರೆ ಅದನ್ನ ಕೆಳಗಿಟ್ಟು ಮುಂದೆ ಹೋಗಿ. ಆರ್‌ಎಂಎಸ್ ಎಷ್ಟು, ಅಂದ್ರೆ ಬಿಡದೆ ಕೊಡೋ ಪವರ್ ಎಷ್ಟು, ಅದೂ 8 ಓಮ್‌ಗೆ ಎಷ್ಟು ಅಂತ ಕೇಳಿ. ಓಮ್ ಅಂದ್ರೆ ಸ್ಪೀಕರ್ ಕರೆಂಟಿಗೆ ಒಡ್ಡೋ ತಡೆಯ ಅಳತೆ. ಡೆನಾನ್ ಪಿಎಂಎ-600ಎನ್‌ಇ ಅಂತ ಇದೆ, 70 ವ್ಯಾಟ್ ಅಂತ ಬರೆದಿರ್ತಾರೆ, ಅದು 4 ಓಮ್‌ಗೆ. 8 ಓಮ್‌ಗೆ 45. ಸುಳ್ಳಲ್ಲ, ಆದ್ರೆ ನಿಮ್ಮ ಸ್ಪೀಕರ್ 8 ಓಮ್ ಆಗಿದ್ರೆ ನಿಮಗೆ ಲೆಕ್ಕ 45ರದ್ದು. ಅದು ಸಾಕಾ? ಧಾರಾಳ ಸಾಕು ಭಾವ. 87 ಡೆಸಿಬೆಲ್ ಸ್ಪೀಕರ್‌ಗೆ ಒಂದು ವ್ಯಾಟ್ ಕೊಟ್ರೆ ಒಂದು ಮೀಟರ್ ದೂರದಲ್ಲಿ 87 ಡೆಸಿಬೆಲ್ ಸದ್ದು, ಮನೇಲಿ ಅದೇ ಜೋರು. ವ್ಯಾಟ್ ದುಪ್ಪಟ್ಟು ಮಾಡಿದ್ರೆ ಏರೋದು ಬರೀ 3 ಡೆಸಿಬೆಲ್. ಕಿವಿಗೆ ಎರಡರಷ್ಟು ಜೋರು ಅನ್ನಿಸ್ಬೇಕಾದ್ರೆ ಸುಮಾರು ಹತ್ತು ಪಟ್ಟು ಪವರ್ ಬೇಕು. ಹಾಗಾಗಿ 45ಕ್ಕೂ 90ಕ್ಕೂ ನಿಮ್ಮ ಹಾಲ್‌ನಲ್ಲಿ ದೊಡ್ಡ ವ್ಯತ್ಯಾಸ ಏನಿಲ್ಲ. 1978ರಲ್ಲಿ ಬಂದ ಎನ್‌ಎಡಿ 3020 ಬರೀ 20 ವ್ಯಾಟ್ ಬರೆಸ್ಕೊಂಡು ಜಗತ್ತಿಡೀ ಹೆಸರು ಮಾಡ್ತು.

ನಿಮಗೆ ಬೇಕಾಗಿರೋದು ಜೋರು ಅಲ್ಲ, ನಿಶ್ಶಬ್ದ. ನೀವು ಕೇಳೋದು ದೊರೆಸ್ವಾಮಿ ಅಯ್ಯಂಗಾರ್ ವೀಣೆ. ಆಲಾಪನೆಯಲ್ಲಿ ಮಂದ್ರದ ತಂತಿ ಮೀಟಿ ಬಿಡ್ತಾರಲ್ಲ, ನಾದ ಸಣ್ಣಗಾಗ್ತಾ ಆಗ್ತಾ ಹೋಗುತ್ತೆ, ಆ ಬಾಲದಲ್ಲೇ ಗಮಕ ಇರೋದು. ಅದು ಕರಗೋ ಹೊತ್ತಿಗೆ ಸೆಟ್‌ನ ಗುಂಯ್ ಮೇಲೆ ಬಂದ್ರೆ ವೀಣೆ ಅಲ್ಲಿಗೇ ತುಂಡಾದ ಹಾಗೆ. ಹೋದ ದಸರಾಕ್ಕೆ ಬಂದಾಗ ನಿಮ್ಮನೇಲಿ ಅದೇ ಆಯ್ತು, ನೀವು ತಲೆ ಅಲ್ಲಾಡಿಸೋದು ನಿಲ್ಲಿಸಿದ್ದನ್ನ ನಾನು ನೋಡ್ದೆ.

ಎರಡನೇದು, ಫೋನೋ ಇನ್‌ಪುಟ್, ಅಂದ್ರೆ ರೆಕಾರ್ಡ್ ಪ್ಲೇಯರ್‌ಗೆ ಅಂತಲೇ ಇರೋ ಜಾಗ ಇರಲೇಬೇಕು. ಸಿಡಿ ಪ್ಲೇಯರ್ ಸುಮಾರು 2 ವೋಲ್ಟ್ ಕೊಡುತ್ತೆ, ನಿಮ್ಮ ರೆಕಾರ್ಡ್ ಪ್ಲೇಯರ್ ಸೂಜಿ ಕೊಡೋದು ವೋಲ್ಟಿನ ಸಾವಿರದಲ್ಲಿ ನಾಲ್ಕೈದು ಭಾಗ. ಅಲ್ದೆ ರೆಕಾರ್ಡ್ ಕೊರೆಯೋವಾಗ ಬೇಸ್ ಇಳಿಸಿ ಟ್ರೆಬಲ್ ಏರಿಸಿರ್ತಾರೆ, ವಾಪಸ್ ಸರಿ ಮಾಡೋದು ಫೋನೋ ಭಾಗ. ಅದಿಲ್ದೆ ಆಕ್ಸ್ ಅನ್ನೋ ಮಾಮೂಲಿ ಇನ್‌ಪುಟ್‌ಗೆ ಹಾಕಿದ್ರೆ ವೀಣೆ ತಗಡು ಬಡಿದ ಹಾಗೆ ಕೀರಲು ಕೀರಲು. ಯಮಹಾ ಎ-ಎಸ್201ರಲ್ಲಿ ಫೋನೋ ಇದೆ. ಎ-ಎಸ್301ರಲ್ಲಿ ಫೋನೋ ಜೊತೆ ಟಿವಿಯಿಂದ ಸದ್ದು ತರೋ ಆಪ್ಟಿಕಲ್ ಇನ್‌ಪುಟ್ಟೂ ಇದೆ, ಅಕ್ಕ ಟಿವಿನೂ ಸ್ಪೀಕರ್‌ನಲ್ಲಿ ಕೇಳ್ಬೇಕು ಅಂತಾರಲ್ಲ, ಅದಕ್ಕಾಗುತ್ತೆ. ಆ ಡೆನಾನ್‌ನಲ್ಲಿ ಬ್ಲೂಟೂತೂ ಸೇರಿ ಮೂರೂ ಇವೆ. ಈ ಮೂರು ಸೆಟ್‌ಗಳಲ್ಲಿ ನನ್ನ ಮನಸ್ಸು ಎ-ಎಸ್301 ಕಡೆ, ಆದ್ರೆ ಕೇಳದೆ ದುಡ್ಡು ಕೊಡ್ಬೇಡಿ.

ದೊಡ್ಡಪ್ಪ, ಸೌಂಡ್‌ಬಾರ್ ಟಿವಿಗೆ ಒಳ್ಳೇದೇ. ಆದ್ರೆ ಅದಕ್ಕೆ ಭಾವನ ಸ್ಪೀಕರ್ ಸೇರಿಸೋಕೆ ಆಗಲ್ಲ, ಆ ಜೋಡಿ ಅಟ್ಟಕ್ಕೆ ಹೋಗುತ್ತೆ. ಪುಟ್ಟು, ನಿನ್ನ ಮನಸ್ಸು ದೊಡ್ಡದು ಕಣೋ, ಆದ್ರೆ ಅಲ್ಲಿನ ಸೆಟ್ 120 ವೋಲ್ಟಿಗೆ ಮಾಡಿದ್ದು, ಇಲ್ಲಿ 230. ಮರೆತು ಪ್ಲಗ್ ಹಾಕಿದ್ರೆ ಅವತ್ತೇ ಹೋಗುತ್ತೆ. ವೋಲ್ಟ್ ಇಳಿಸೋ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಟ್ರೆ ಅದೇ ಇನ್ನೊಂದು ಗುಂಯ್. ಅದರ ಬದಲು ಒಳ್ಳೆ ಸೂಜಿ ತಂದುಕೊಡು, ಮಾಡೆಲ್ ನಂಬರ್ ನಾನು ಕಳಿಸ್ತೀನಿ.

ಅಂಗಡಿಗೆ ಹೋಗೋವಾಗ ನಿಮ್ಮದೇ ಒಂದು ವೀಣೆ ಸಿಡಿ ಒಯ್ಯಿರಿ. ಎರಡು ಸೆಟ್ ಹೋಲಿಸೋವಾಗ ಸದ್ದು ಒಂದೇ ಮಟ್ಟಕ್ಕೆ ಇಡಿಸಿ, ಯಾಕಂದ್ರೆ ಸ್ವಲ್ಪ ಜೋರಾಗಿ ಕೇಳಿದ್ದೇ ಚೆನ್ನಾಗಿದೆ ಅನ್ನಿಸುತ್ತೆ. ಕೊನೆಗೆ ಹಾಡು ನಿಲ್ಲಿಸಿ, ವಾಲ್ಯೂಮ್ ನೀವು ದಿನಾ ಇಡೋ ಮಟ್ಟಕ್ಕೆ ಇಟ್ಟು, ಟ್ವೀಟರ್‌ಗೆ, ಅಂದ್ರೆ ಸಣ್ಣ ಸ್ಪೀಕರ್‌ಗೆ, ಕಿವಿ ಹತ್ರ ಕೊಟ್ಟು ಕೇಳಿ. ಸದ್ದು ಕಡಿಮೆ ಇದ್ದಷ್ಟೂ ಒಳ್ಳೇದು.

ಅಕ್ಕಾ, ಒಂದು ವಿನಂತಿ. ಸೆಟ್ ಮೇಲೆ ನೀವು ಹಾಸಿರೋ ಕ್ರೋಶಾ ಬಟ್ಟೆ ತುಂಬಾ ಚೆನ್ನಾಗಿದೆ, ಆದ್ರೆ ಬಿಸಿ ಹೊರಗೆ ಹೋಗೋ ಸೀಳುಗಳೆಲ್ಲ ಅದರಡಿ ಮುಚ್ಚಿವೆ. ಹೊಸದಕ್ಕೆ ಷೋಕೇಸ್‌ನ ಮೇಲಿನ ಅರೆ ಖಾಲಿ ಮಾಡಿ, ಮೇಲೆ ನಾಲ್ಕು ಇಂಚಾದ್ರೂ ಜಾಗ ಇರ್ಲಿ.

ಭಾವ, ಸ್ಪೀಕರ್ ಹಿಂದೆ ಓಮ್ ಎಷ್ಟು ಅಂತ ಅಂಟಿಸಿರ್ತಾರೆ, ಅದರದ್ದೊಂದು ಫೋಟೋ ಇವತ್ತು ರಾತ್ರಿ ಹಾಕಿ. ನಾನು ಹೇಳಿದ್ದೆಲ್ಲ 8 ಓಮ್ ಅಂದ್ಕೊಂಡು, 4 ಇದ್ರೆ ಲೆಕ್ಕ ಬದಲಾಗುತ್ತೆ. ಶನಿವಾರ ನಾನೇ ಮೈಸೂರಿಗೆ ಬರ್ತೀನಿ, ಇಬ್ರೂ ಹೋಗಿ ಕೇಳೋಣ. ಅಲ್ಲೀವರೆಗೂ ಆ ಪರೀಕ್ಷೆಗೆ ಬಿಟ್ಟು ಹಳೇದನ್ನ ಹಾಕ್ಬೇಡಿ, ಪ್ಲಗ್ ತೆಗೆದಿಡಿ.