27 ಅಂಗುಲದ 4ಕೆ ಪರದೆಯಲ್ಲಿ ಕನ್ನಡ ಅಕ್ಷರ ಮಸುಕು: ರೆಸಲ್ಯೂಷನ್ ಇಳಿಸಬೇಕೋ, ಸ್ಕೇಲಿಂಗ್ ಏರಿಸಬೇಕೋ?

ಪ್ರಶ್ನೆ, ಹಾಸನದಿಂದ

ನಮಸ್ಕಾರ. ಹಾಸನದ ಬಿ.ಎಂ. ರಸ್ತೆಯ ಬಳಿ ನನ್ನದೊಂದು ಚಿಕ್ಕ ಡಿಟಿಪಿ ಕೇಂದ್ರವಿದೆ. ಲಗ್ನಪತ್ರಿಕೆ, ಗೃಹಪ್ರವೇಶದ ಕರೆಯೋಲೆ, ಜಾತ್ರೆಯ ಕರಪತ್ರ, ವೈಕುಂಠ ಸಮಾರಾಧನೆಯ ಪತ್ರ ಇವೇ ನನ್ನ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಕನ್ನಡ ಅಕ್ಷರಗಳನ್ನೇ ನೋಡುತ್ತ ಕೂರುವವಳು ನಾನು. ಏಳೆಂಟು ವರ್ಷ 24 ಅಂಗುಲದ ಸಾಧಾರಣ ಮಾನಿಟರಿನಲ್ಲೇ ದುಡಿದು, ಕಣ್ಣಿಗೆ ಹಿತವಾದೀತೆಂದು ಕಳೆದ ತಿಂಗಳು 27 ಅಂಗುಲದ 4ಕೆ ಮಾನಿಟರ್ ತಂದೆ. ಕಂಪ್ಯೂಟರ್ ಹಳೆಯದೇ, ವಿಂಡೋಸ್ 10 ಇದೆ.

ಜೋಡಿಸಿದ ದಿನ ಅಕ್ಷರಗಳೆಲ್ಲ ಸಾಸಿವೆ ಕಾಳಿನಷ್ಟಾಗಿ ಕಂಡವು. ಜೋಡಿಸಿಕೊಟ್ಟ ಹುಡುಗ ಸೆಟ್ಟಿಂಗ್ಸ್‌ಗೆ ಹೋಗಿ ರೆಸಲ್ಯೂಷನ್ 1600×900ಕ್ಕೆ ಇಳಿಸಿದ. ಅಕ್ಷರಗಳು ದೊಡ್ಡದಾದವು, ಆದರೆ ಅಂಚುಗಳು ಮಂಜು ಕವಿದಂತಾದವು. ಹೊಸದಕ್ಕೆ ಕಣ್ಣು ಹೊಂದಿಕೊಳ್ಳಬೇಕೇನೋ ಎಂದು ಸುಮ್ಮನಿದ್ದೆ. ಹೋದ ವಾರ ಒಂದು ಲಗ್ನಪತ್ರಿಕೆಯಲ್ಲಿ ‘ವಧು’ ಎಂಬುದು ‘ವದು’ ಎಂದಾಗಿ 400 ಪ್ರತಿ ಅಚ್ಚಾಗಿಬಿಟ್ಟಿತು. ಮೂರು ಸಲ ಕರಡು ನೋಡಿದ್ದೆ, ಮೂರು ಸಲವೂ ನನ್ನ ಕಣ್ಣಿಗೆ ಅದು ‘ಧ’ ಆಗಿಯೇ ಕಂಡಿತ್ತು. ನನ್ನ ಕೈಯಿಂದಲೇ ಹಣ ಹಾಕಿ ಮರುಮುದ್ರಣ ಮಾಡಿಸಿಕೊಟ್ಟೆ. ಹಣಕ್ಕಿಂತ, ಮದುವೆ ಮನೆಯವರ ಮುಂದೆ ನಿಂತ ಗಳಿಗೆ ಮನಸ್ಸಿನಿಂದ ಹೋಗುತ್ತಿಲ್ಲ. ಮಾನಿಟರಿನಲ್ಲೇ ದೋಷವಿದ್ದರೆ ಹಿಂದಿರುಗಿಸಲು ಇನ್ನು ನಾಲ್ಕು ದಿನ ಮಾತ್ರ ಉಳಿದಿದೆ. ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ, ಅರಸೀಕೆರೆಯಿಂದ

ಮೇಡಂ, ನೀವು ಬರೆದಿರುವುದನ್ನು ನೋಡಿದರೆ ಮಾನಿಟರಿನಲ್ಲಿ ದೋಷವಿಲ್ಲ. ಅಕ್ಷರ ದೊಡ್ಡದು ಮಾಡಲು ರೆಸಲ್ಯೂಷನ್ ಇಳಿಸಿದ್ದೇ ತಪ್ಪಾಗಿದೆ. ರೆಸಲ್ಯೂಷನ್ ಬೇರೆ, ಸ್ಕೇಲಿಂಗ್ ಬೇರೆ. ಚಿತ್ರವನ್ನು ಎಷ್ಟು ಚುಕ್ಕೆಗಳಲ್ಲಿ ಬರೆಯಬೇಕೆಂಬುದು ರೆಸಲ್ಯೂಷನ್, ಅಕ್ಷರವನ್ನು ಎಷ್ಟು ದೊಡ್ಡದಾಗಿ ಬರೆಯಬೇಕೆಂಬುದು ಸ್ಕೇಲಿಂಗ್. ಇವೆರಡನ್ನು ಒಂದೇ ಎಂದು ತಿಳಿದು ಕಣ್ಣು ನೋಯಿಸಿಕೊಂಡವರನ್ನು ನಾನು ಬಹಳ ನೋಡಿದ್ದೇನೆ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ನಿಮ್ಮ 4ಕೆ ಪರದೆಯಲ್ಲಿ ಅಡ್ಡಕ್ಕೆ 3840, ಉದ್ದಕ್ಕೆ 2160, ಒಟ್ಟು 82,94,400 ಚುಕ್ಕೆಗಳು ಕಾರ್ಖಾನೆಯಲ್ಲೇ ಕೂತಿವೆ. ಸೆಟ್ಟಿಂಗ್ಸ್‌ನಲ್ಲಿ ಏನು ಬದಲಿಸಿದರೂ ಈ ಚುಕ್ಕೆಗಳ ಸಂಖ್ಯೆಯಾಗಲಿ, ಜಾಗವಾಗಲಿ ಬದಲಾಗದು. 1600×900 ಎಂದು ಆರಿಸಿದಾಗ ಕಂಪ್ಯೂಟರ್ 14,40,000 ಚುಕ್ಕೆಗಳ ಚಿತ್ರವನ್ನಷ್ಟೇ ಬರೆದು ಕಳುಹಿಸುತ್ತದೆ, ಅದನ್ನು ಮಾನಿಟರ್ ಇಡೀ ಪರದೆಗೆ ಹಿಗ್ಗಿಸುತ್ತದೆ. ಲೆಕ್ಕ ಹಾಕಿದರೆ ಚಿತ್ರದ 5 ಚುಕ್ಕೆ ಪರದೆಯ 12 ಚುಕ್ಕೆಗಳ ಮೇಲೆ ಹರಡಬೇಕು. ಅಂಗಳದಲ್ಲಿ 12 ಚುಕ್ಕಿ ಇಟ್ಟು, ಅದರ ಮೇಲೆ 5 ಚುಕ್ಕಿಯ ರಂಗೋಲಿಯನ್ನು ಹಿಗ್ಗಿಸಿ ಎಳೆಯಲು ಹೊರಟರೆ ಗೆರೆ ಚುಕ್ಕಿಯ ಮೇಲೆ ಬೀಳದೆ ಎರಡು ಚುಕ್ಕಿಗಳ ನಡುವೆ ಬೀಳುತ್ತದಲ್ಲವೆ, ಇಲ್ಲಿಯೂ ಹಾಗೆಯೇ. ನಡುವೆ ಬಿದ್ದ ಗೆರೆಯನ್ನು ತೋರಿಸಲು ಮಾನಿಟರ್ ಅಕ್ಕಪಕ್ಕದ ಚುಕ್ಕೆಗಳಿಗೆ ಬೂದು ಬಣ್ಣ ಬಳಿಯುತ್ತದೆ. ನಿಮಗೆ ಕಂಡ ಮಂಜು ಅದೇ.

ಇದು ಇಂಗ್ಲಿಷಿಗಿಂತ ಕನ್ನಡಕ್ಕೆ ಹೆಚ್ಚು ತೊಂದರೆ ಕೊಡುತ್ತದೆ. ಶಾಲೆಯಲ್ಲಿ ನಮಗೆ ‘ಹೊಟ್ಟೆ ಸೀಳುವುದು’ ಎಂದು ಹೇಳಿಕೊಟ್ಟ ಆ ಒಂದು ಚಿಕ್ಕ ಗೆರೆಯಷ್ಟೇ ‘ದ’ಕ್ಕೂ ‘ಧ’ಕ್ಕೂ, ‘ಪ’ಕ್ಕೂ ‘ಫ’ಕ್ಕೂ, ‘ಬ’ಕ್ಕೂ ‘ಭ’ಕ್ಕೂ ಇರುವ ವ್ಯತ್ಯಾಸ. ವಿಂಡೋಸ್‌ನಲ್ಲಿ 100 ಪ್ರತಿಶತ ಸ್ಕೇಲಿಂಗ್ ಇರುವಾಗ 9 ಪಾಯಿಂಟ್ ಅಕ್ಷರಕ್ಕೆ ಸಿಗುವುದು 12 ಚುಕ್ಕೆಗಳ ಎತ್ತರ. ತಲೆಕಟ್ಟು, ಗುಡಿಸು, ಕೆಳಗಿನ ಒತ್ತಕ್ಷರ ಎಲ್ಲವೂ ಅಷ್ಟರಲ್ಲೇ ಹೊಂದಿಕೊಳ್ಳಬೇಕು. ಅಂಥ ಕಡೆ ಹೊಟ್ಟೆ ಸೀಳುವ ಗೆರೆಯ ಪಾಲಿಗೆ ಬರುವುದು ಒಂದೋ ಎರಡೋ ಚುಕ್ಕೆ. ಅದೂ ಬೂದಿಯಾಗಿ ಕರಗಿದರೆ ಕಣ್ಣು ತಾನು ನಿರೀಕ್ಷಿಸಿದ್ದನ್ನೇ ಓದಿಕೊಳ್ಳುತ್ತದೆ. ನೀವು ಮೂರು ಸಲ ನೋಡಿಯೂ ‘ಧ’ ಎಂದೇ ಕಂಡದ್ದು ನಿಮ್ಮ ಅಜಾಗರೂಕತೆಯಲ್ಲ.

ಇನ್ನೊಂದು ಲೆಕ್ಕವನ್ನೂ ನೋಡಿ. ನಿಮ್ಮ ಹಳೆಯ 24 ಅಂಗುಲದ ಮಾನಿಟರ್ 1920×1080 ಆಗಿದ್ದರೆ ಅದರಲ್ಲಿ ಒಂದು ಅಂಗುಲಕ್ಕೆ ಸುಮಾರು 92 ಚುಕ್ಕೆ, ಅಂದರೆ ಒಂದು ಚುಕ್ಕೆ 0.28 ಮಿಲಿಮೀಟರ್. ಹೊಸದರಲ್ಲಿ ಅಂಗುಲಕ್ಕೆ 163 ಚುಕ್ಕೆ, ಒಂದೊಂದು 0.16 ಮಿಲಿಮೀಟರ್. 1600×900ಕ್ಕೆ ಇಳಿಸಿದಾಗ ಚಿತ್ರದ ಚುಕ್ಕೆ ಹಿಗ್ಗಿ 0.37 ಮಿಲಿಮೀಟರ್ ಆಗುತ್ತದೆ. ಹೆಚ್ಚು ಹಣ ಕೊಟ್ಟು ತಂದ ಪರದೆಯಲ್ಲಿ ನೀವು ಒಂದು ತಿಂಗಳು ಹಳೆಯದಕ್ಕಿಂತ ದಪ್ಪ ಚುಕ್ಕೆಗಳಲ್ಲಿ ಕೆಲಸ ಮಾಡಿದ್ದೀರಿ.

ಈಗ ಮಾಡಬೇಕಾದದ್ದು ಇಷ್ಟು. ಡೆಸ್ಕ್‌ಟಾಪಿನ ಖಾಲಿ ಜಾಗದಲ್ಲಿ ಮೌಸಿನ ಬಲಗುಂಡಿ ಒತ್ತಿ ‘ಡಿಸ್‌ಪ್ಲೇ ಸೆಟ್ಟಿಂಗ್ಸ್’ ತೆರೆಯಿರಿ. ರೆಸಲ್ಯೂಷನ್ ಪಟ್ಟಿಯಲ್ಲಿ ‘ರೆಕಮೆಂಡೆಡ್’ ಎಂದು ಗುರುತಿರುವ 3840×2160ನ್ನೇ ಆರಿಸಿ, ಇನ್ನು ಮುಂದೆ ಅದನ್ನು ಮುಟ್ಟಬೇಡಿ. ಅಕ್ಷರ ಮತ್ತೆ ಚಿಕ್ಕದಾಗುತ್ತದೆ, ಗಾಬರಿಯಾಗಬೇಡಿ. ಅದೇ ಪುಟದಲ್ಲಿ ‘ಸ್ಕೇಲ್’ ಎಂಬಲ್ಲಿ 175 ಪ್ರತಿಶತ ಆರಿಸಿ, ಒಮ್ಮೆ ಸೈನ್ ಔಟ್ ಆಗಿ ಒಳಗೆ ಬನ್ನಿ. 175 ಏಕೆಂದರೆ, ಆಗ ಅದೇ 9 ಪಾಯಿಂಟ್ ಅಕ್ಷರ 12ರ ಬದಲು 21 ಚುಕ್ಕೆಗಳಲ್ಲಿ ಮೂಡುತ್ತದೆ, ಪರದೆಯ ಮೇಲೆ ಅದರ ಎತ್ತರ ನಿಮ್ಮ ಹಳೆಯ ಮಾನಿಟರಿನಷ್ಟೇ, ಸುಮಾರು 3.3 ಮಿಲಿಮೀಟರ್ ಇರುತ್ತದೆ. ಗಾತ್ರ ಅಷ್ಟೇ, ಗೆರೆ ಮಾತ್ರ ನಯ. ರೆಸಲ್ಯೂಷನ್ ಇಳಿಸಿದಾಗ ಚಿಕ್ಕದಾಗಿ ಬರೆದ ಚಿತ್ರವನ್ನು ಹಿಗ್ಗಿಸುತ್ತಾರೆ; ಸ್ಕೇಲಿಂಗ್ ಏರಿಸಿದಾಗ ಅಕ್ಷರವನ್ನೇ ಹೆಚ್ಚು ಚುಕ್ಕೆಗಳಲ್ಲಿ ಹೊಸದಾಗಿ ಬರೆಯುತ್ತಾರೆ. ವಿಂಡೋಸ್ 11ರಲ್ಲಿಯೂ ಕ್ರಮ ಇದೇ.

ಆಮೇಲೆ ಒಂದು ಪರೀಕ್ಷೆ ಮಾಡಿ. ಖಾಲಿ ಕಡತದಲ್ಲಿ ‘ದಧ ಪಫ ಬಭ’ ಎಂದು 9 ಪಾಯಿಂಟಿನಲ್ಲಿ ಬರೆದು, ನೀವು ಕೂರುವ ದೂರದಿಂದಲೇ ಓದಿ ನೋಡಿ. ಫಲಿತಾಂಶವನ್ನು ಇಲ್ಲಿ ತಿಳಿಸಿ.

ಮರುಪ್ರಶ್ನೆ, ಹಾಸನದಿಂದ

ಸರ್, ನೀವು ಹೇಳಿದಂತೆ ಮಾಡಿದೆ. ಬ್ರೌಸರ್, ವರ್ಡ್, ಫೈಲುಗಳ ಹೆಸರು ಎಲ್ಲವೂ ಅಚ್ಚು ಮೊಳೆ ಒತ್ತಿದಷ್ಟು ಸ್ಪಷ್ಟವಾಗಿವೆ. ಭೂತಗನ್ನಡಿ ಹಿಡಿದು ನೋಡಿದೆ: ಹಿಂದೆ ‘ಧ’ದ ಬುಡದಲ್ಲಿ ಒಂದು ಬೂದು ಕಲೆಯಷ್ಟೇ ಇದ್ದ ಕಡೆ ಈಗ ಕಪ್ಪು ಗೆರೆ ಬೇರೆಯಾಗಿ ನಿಂತಿದೆ, ಅದರ ಎರಡೂ ಬದಿಯಲ್ಲಿ ಬಿಳಿ ಜಾಗ ಕಾಣುತ್ತಿದೆ. ತಿಂಗಳಿನಿಂದ ಬರುತ್ತಿದ್ದ ಸಂಜೆಯ ತಲೆನೋವು ಇವತ್ತು ಬರಲಿಲ್ಲ.

ಆದರೆ ಮೂರು ವಿಷಯ ಉಳಿದಿವೆ. ಮೊದಲನೆಯದು, ನಾನು ಲಗ್ನಪತ್ರಿಕೆ ಕಟ್ಟುವ ಪುಟವಿನ್ಯಾಸದ ತಂತ್ರಾಂಶ ಬಹಳ ಹಳೆಯದು. ಹಳೆಯ ಫಾಂಟುಗಳಲ್ಲಿ ಮಾಡಿಟ್ಟ ನೂರಾರು ಕಡತಗಳು ಅದರಲ್ಲಿರುವುದರಿಂದ ಬಿಡಲಾರೆ. ಅದೊಂದು ಮಾತ್ರ ಇನ್ನೂ ಮಸುಕಾಗಿಯೇ ಇದೆ. ಎರಡನೆಯದು, ಮೌಸನ್ನು ಸರಿಸಿದರೆ ಬಾಣ ಹರಿಯುವುದಿಲ್ಲ, ತಡೆತಡೆದು ಹಾರಿದಂತೆ ಚಲಿಸುತ್ತದೆ; 1600×900ರಲ್ಲಿ ಹೀಗಿರಲಿಲ್ಲ. ಮೂರನೆಯದು, 175 ಪ್ರತಿಶತ ಎಂದು ಹಾಕಿದ್ದರಿಂದ ಮುದ್ರಣದಲ್ಲಿ ಪತ್ರಿಕೆಯ ಅಳತೆ ಬದಲಾಗುವುದಿಲ್ಲವಷ್ಟೆ?

ಉತ್ತರ, ಚಿಕ್ಕಮಗಳೂರಿನಿಂದ

ಮೌಸಿನ ವಿಷಯವನ್ನು ನಾನು ಹೇಳುತ್ತೇನೆ, ಏಕೆಂದರೆ ಇದನ್ನು ನಾನೇ ಅನುಭವಿಸಿದ್ದೇನೆ. ತೋಟದ ಲೆಕ್ಕ ಬರೆಯಲು ಇಂಥದೇ ಮಾನಿಟರನ್ನು ಹಳೆಯ ಕಂಪ್ಯೂಟರಿಗೆ ಜೋಡಿಸಿದಾಗ ಬಾಣ ಹೀಗೆಯೇ ಕುಪ್ಪಳಿಸುತ್ತಿತ್ತು. ಡಿಸ್‌ಪ್ಲೇ ಸೆಟ್ಟಿಂಗ್ಸ್‌ನ ಕೆಳಭಾಗದಲ್ಲಿ ‘ಅಡ್ವಾನ್ಸ್‌ಡ್ ಡಿಸ್‌ಪ್ಲೇ’ ಇದೆ, ಅಲ್ಲಿ ರಿಫ್ರೆಶ್ ರೇಟ್ ಎಷ್ಟಿದೆ ನೋಡಿ. 30 ಹರ್ಟ್ಸ್ ಇದ್ದರೆ ಕಾರಣ ಸಿಕ್ಕಿತು: ಸೆಕೆಂಡಿಗೆ 60 ಸಲ ಬದಲಾಗಬೇಕಾದ ಚಿತ್ರ 30 ಸಲ ಮಾತ್ರ ಬದಲಾಗುತ್ತಿದೆ. ಕಂಪ್ಯೂಟರಿನಿಂದ ಮಾನಿಟರಿಗೆ ಚಿತ್ರ ಒಯ್ಯುವ ಎಚ್‌ಡಿಎಂಐ ಸಂಪರ್ಕದ ಹಳೆಯ 1.4 ಆವೃತ್ತಿಯಲ್ಲಿ 3840×2160 ಚಿತ್ರವನ್ನು 30 ಹರ್ಟ್ಸ್‌ಗಿಂತ ವೇಗವಾಗಿ ಕಳುಹಿಸಲಾಗದು. 60 ಬೇಕಿದ್ದರೆ 2013ರಲ್ಲಿ ಬಂದ ಎಚ್‌ಡಿಎಂಐ 2.0 ಬೇಕು, ಅದೂ ಕಂಪ್ಯೂಟರಿನ ಕಿಂಡಿ, ಮಾನಿಟರಿನ ಕಿಂಡಿ, ನಡುವಿನ ಕೇಬಲ್ ಮೂರಕ್ಕೂ ಆ ಸಾಮರ್ಥ್ಯ ಇರಬೇಕು. ಕೇಬಲ್ ಕೊಳ್ಳುವ ಮೊದಲು ಕಂಪ್ಯೂಟರಿನ ಹಿಂದೆ ಡಿಸ್‌ಪ್ಲೇಪೋರ್ಟ್ ಇದೆಯೇ ನೋಡಿಕೊಳ್ಳಿ. ಎಚ್‌ಡಿಎಂಐಯಂತೆಯೇ ಕಾಣುತ್ತದೆ, ಆದರೆ ಒಂದು ಮೂಲೆ ಮಾತ್ರ ಓರೆಯಾಗಿ ಕತ್ತರಿಸಿದಂತಿರುತ್ತದೆ. ಡಿಸ್‌ಪ್ಲೇಪೋರ್ಟ್ 1.2 ಇದ್ದರೂ 4ಕೆ ಚಿತ್ರ 60 ಹರ್ಟ್ಸ್‌ನಲ್ಲಿ ಬರುತ್ತದೆ. ನನ್ನ ಯಂತ್ರದಲ್ಲಿ ಆ ಕಿಂಡಿ ಇತ್ತು, ಬರೀ ಒಂದು ಕೇಬಲಿನಿಂದ ಕೆಲಸ ಮುಗಿಯಿತು.

ಜೊತೆಗೊಂದು ಎಚ್ಚರಿಕೆ. ‘ಕಸ್ಟಮ್ ಸ್ಕೇಲಿಂಗ್’ ಎಂಬ ಚೌಕದಲ್ಲಿ 163, 170 ಎಂದು ನಿಮಗೆ ಬೇಕಾದ ಅಂಕಿ ತುಂಬಲು ಹೋಗಬೇಡಿ. ಅದು ಜೋಡಿಸಿರುವ ಎಲ್ಲ ಪರದೆಗಳಿಗೂ ಒಟ್ಟಿಗೇ ಅನ್ವಯಿಸುತ್ತದೆ. ಪಟ್ಟಿಯಲ್ಲಿರುವ 150, 175, 200 ಇವುಗಳಲ್ಲೇ ಒಂದನ್ನು ಆರಿಸುವುದು ಕ್ಷೇಮ.

ಉತ್ತರ, ಅರಸೀಕೆರೆಯಿಂದ

ಚಿಕ್ಕಮಗಳೂರಿನವರು ಹೇಳಿದ್ದು ಸರಿಯಾಗಿದೆ. ಮುದ್ರಣದ ಬಗ್ಗೆ ಚಿಂತೆ ಬೇಡ. ಪಾಯಿಂಟ್ ಎಂಬುದು ಅಂಗುಲದ 72ನೇ ಒಂದು ಭಾಗ, ಮುದ್ರಕ ನೋಡುವುದು ಆ ಅಳತೆಯನ್ನೇ. ಪರದೆಯ ಸ್ಕೇಲ್ 100 ಇರಲಿ, 200 ಇರಲಿ, 5×7 ಅಂಗುಲದ ಪತ್ರಿಕೆ 5×7 ಅಂಗುಲವಾಗಿಯೇ ಅಚ್ಚಾಗುತ್ತದೆ.

ಹಳೆಯ ತಂತ್ರಾಂಶದ್ದು ಮಾತ್ರ ನಿಜವಾದ ತೊಡಕು. ಅಂಗುಲಕ್ಕೆ 96 ಚುಕ್ಕೆ ಎಂಬುದು ವಿಂಡೋಸ್‌ನ ಹಳೆಯ ವಾಡಿಕೆ, 100 ಪ್ರತಿಶತ ಎಂದರೆ ಅದೇ. ಆ ಕಾಲದಲ್ಲಿ ಬರೆದ ಎಷ್ಟೋ ತಂತ್ರಾಂಶಗಳಿಗೆ ಬೇರೆ ಅಳತೆಯ ಪರದೆಯೂ ಇರಬಹುದೆಂಬ ತಿಳಿವಳಿಕೆಯೇ ಇಲ್ಲ. ಅಂಥದ್ದನ್ನು ವಿಂಡೋಸ್ 96ರ ಲೆಕ್ಕದಲ್ಲೇ ಬರೆಯಲು ಬಿಟ್ಟು, ಬಂದ ಚಿತ್ರವನ್ನು 175ಕ್ಕೆ ಹಿಗ್ಗಿಸಿ ತೋರಿಸುತ್ತದೆ. ಇಡೀ ಪರದೆಗೆ ಆಗುತ್ತಿದ್ದ ತೊಂದರೆ ಈಗ ಆ ಒಂದು ಕಿಟಕಿಗೆ ಮಾತ್ರ ಆಗುತ್ತಿದೆ ಎಂದುಕೊಳ್ಳಿ.

ಆ ತಂತ್ರಾಂಶದ ಐಕಾನ್ ಮೇಲೆ ಬಲಗುಂಡಿ ಒತ್ತಿ ‘ಪ್ರಾಪರ್ಟೀಸ್’, ಅದರಲ್ಲಿ ‘ಕಂಪ್ಯಾಟಿಬಿಲಿಟಿ’, ಅದರಲ್ಲಿ ‘ಚೇಂಜ್ ಹೈ ಡಿಪಿಐ ಸೆಟ್ಟಿಂಗ್ಸ್’ ತೆರೆಯಿರಿ. ಕೆಳಗಿನ ‘ಓವರ್‌ರೈಡ್’ ಚೌಕಕ್ಕೆ ಗುರುತು ಹಾಕಿದರೆ ಮೂರು ಆಯ್ಕೆ ಸಿಗುತ್ತವೆ. ಮೊದಲು ‘ಸಿಸ್ಟಂ ಎನ್‌ಹಾನ್ಸ್‌ಡ್’ ಪ್ರಯತ್ನಿಸಿ. ಕೆಲವು ಹಳೆಯ ತಂತ್ರಾಂಶಗಳ ಅಕ್ಷರಗಳನ್ನು ಅದು ನಿಜವಾಗಿಯೇ ದೊಡ್ಡದಾಗಿ ಬರೆಸಿಬಿಡುತ್ತದೆ, ಕೆಲವದರಲ್ಲಿ ಏನೂ ಆಗುವುದಿಲ್ಲ, ಇನ್ನು ಕೆಲವದರಲ್ಲಿ ಗುಂಡಿಗಳು ಅಸ್ತವ್ಯಸ್ತವಾಗುತ್ತವೆ. ಅದು ಫಲಿಸದಿದ್ದರೆ ‘ಅಪ್ಲಿಕೇಷನ್’ ಆರಿಸಿ. ಆಗ ವಿಂಡೋಸ್ ಹಿಗ್ಗಿಸುವುದನ್ನೇ ನಿಲ್ಲಿಸುತ್ತದೆ. ಮೆನುಗಳು ಚಿಕ್ಕದಾಗುತ್ತವೆ, ಪುಟದ ಮೇಲಿನ ಅಕ್ಷರ ಮಾತ್ರ ಸ್ಪಷ್ಟವಾಗುತ್ತದೆ. ಪುಟವನ್ನು ತಂತ್ರಾಂಶದೊಳಗಿನ ಜೂಮ್‌ನಿಂದಲೇ ದೊಡ್ಡದು ಮಾಡಿಕೊಳ್ಳಬಹುದು. ಕರಡು ತಿದ್ದುವವರಿಗೆ ಮೆನುವಿಗಿಂತ ಪುಟ ಮುಖ್ಯವಲ್ಲವೆ?

ಇವೆರಡೂ ಬೇಡವೆನಿಸಿದರೆ ಹಳೆಯ 24 ಅಂಗುಲದ ಮಾನಿಟರನ್ನು ಗುಜರಿಗೆ ಹಾಕದೆ ಪಕ್ಕದಲ್ಲೇ ಜೋಡಿಸಿ. 2013ರ ವಿಂಡೋಸ್ 8.1ರಿಂದ ಈಚೆಗೆ ಒಂದೊಂದು ಪರದೆಗೆ ಒಂದೊಂದು ಸ್ಕೇಲ್ ಕೊಡಲು ಬರುತ್ತದೆ. ಹಳೆಯದಕ್ಕೆ 100, ಹೊಸದಕ್ಕೆ 175 ಇಟ್ಟು, ಪುಟವಿನ್ಯಾಸದ ಕಿಟಕಿಯನ್ನು ಹಳೆಯದರ ಮೇಲೆ ಇಟ್ಟುಕೊಂಡರೆ ಹಿಗ್ಗಿಸುವ ಪ್ರಶ್ನೆಯೇ ಬರುವುದಿಲ್ಲ. ಅಲ್ಲಿಯೂ ಮಸುಕು ಕಂಡರೆ ಹಳೆಯದನ್ನೇ ‘ಮೇನ್ ಡಿಸ್‌ಪ್ಲೇ’ ಎಂದು ಗುರುತಿಸಿ, ಸೈನ್ ಔಟ್ ಆಗಿ ಬನ್ನಿ. ಕೆಲವು ತಂತ್ರಾಂಶಗಳು ನೀವು ಸೈನ್ ಇನ್ ಆದ ಗಳಿಗೆಯಲ್ಲಿ ಮುಖ್ಯ ಪರದೆಯ ಅಳತೆ ಎಷ್ಟಿತ್ತೋ ಅದನ್ನೇ ಕೊನೆಯವರೆಗೂ ಹಿಡಿದುಕೊಂಡಿರುತ್ತವೆ.

ಹಾಸನದಿಂದ

ಮಾನಿಟರನ್ನು ಹಿಂದಿರುಗಿಸಲಿಲ್ಲ. ರಿಫ್ರೆಶ್ ರೇಟ್ 30 ಎಂದೇ ತೋರಿಸುತ್ತಿತ್ತು. ಕಂಪ್ಯೂಟರಿನ ಹಿಂದೆ ಮೂಲೆ ಕತ್ತರಿಸಿದ ಕಿಂಡಿ ಧೂಳು ತುಂಬಿಕೊಂಡು ಕೂತಿತ್ತು. ಇಷ್ಟು ವರ್ಷ ಅದಕ್ಕೆ ಏನನ್ನೂ ಚುಚ್ಚಿರಲಿಲ್ಲ. ಡಿಸ್‌ಪ್ಲೇಪೋರ್ಟ್ ಕೇಬಲ್ ಹಾಕಿದ ಮೇಲೆ 60 ಬಂದಿದೆ, ಬಾಣ ನೀರಿನಂತೆ ಹರಿಯುತ್ತಿದೆ.

ಹಳೆಯ ತಂತ್ರಾಂಶಕ್ಕೆ ‘ಸಿಸ್ಟಂ ಎನ್‌ಹಾನ್ಸ್‌ಡ್’ ಹಾಕಿದರೆ ಸಂವಾದ ಪೆಟ್ಟಿಗೆಗಳ ‘ಓಕೆ’ ಗುಂಡಿ ಅಂಚಿನಿಂದ ಹೊರಗೆ ಹೋಗುತ್ತಿತ್ತು, ಆದ್ದರಿಂದ ‘ಅಪ್ಲಿಕೇಷನ್’ ಇಟ್ಟುಕೊಂಡೆ. ಮೆನು ಬಲು ಚಿಕ್ಕದು, ಆದರೆ ಕೀಲಿಗಳ ಅಭ್ಯಾಸ ಇರುವುದರಿಂದ ಮೆನುವಿಗೆ ಹೋಗುವ ಪ್ರಸಂಗ ಕಡಿಮೆ. ಹಳೆಯ ಮಾನಿಟರನ್ನೂ ಪಕ್ಕದಲ್ಲಿ ಜೋಡಿಸಿ, ಗ್ರಾಹಕರು ಕೊಟ್ಟ ಕೈಬರಹದ ಪ್ರತಿಯನ್ನು ಸ್ಕ್ಯಾನ್ ಮಾಡಿ ಅದರಲ್ಲಿ ತೆರೆದಿಡುತ್ತಿದ್ದೇನೆ. ಒಂದು ಕಣ್ಣಿಗೆ ಮೂಲ, ಇನ್ನೊಂದಕ್ಕೆ ಕರಡು.

ತಪ್ಪಾಗಿದ್ದ ಆ ಲಗ್ನಪತ್ರಿಕೆಯ ಕಡತವನ್ನು ನಿನ್ನೆ ಮತ್ತೆ ತೆರೆದೆ. ಅದೇ ಪುಟ, ಅದೇ ಗಾತ್ರ. ಮೂರನೇ ಸಾಲಿನ ‘ವದು’ ಕೂತ ಜಾಗದಿಂದಲೇ ಕಣ್ಣಿಗೆ ಚುಚ್ಚಿತು. ಎರಡನೇ ಪುಟದಲ್ಲಿ ‘ಶುಬ’ ಎಂದೂ ಒಂದಿತ್ತು. ಮರುಮುದ್ರಣದಲ್ಲಿಯೂ ಅದು ಹಾಗೆಯೇ ಹೋಗಿದೆ. ಹಂಚದೆ ಉಳಿದಿರುವ ಪ್ರತಿಗಳನ್ನಾದರೂ ಬದಲಿಸಿಕೊಡೋಣವೆಂದು ಇವತ್ತು ಮಧ್ಯಾಹ್ನ ಆ ಮನೆಯವರಿಗೆ ಫೋನ್ ಮಾಡಿ ಹೇಳಿದ್ದೇನೆ.