ಬೇಸಿಗೆಯಲ್ಲಿ ಚೀಲದ ಸಸಿಗಳಿಗೆ ಯಾವ ಹೊದಿಕೆ ಸೂಕ್ತ?

ಪ್ರಶ್ನೆ (ಯಲಹಂಕದಿಂದ):
ನಮಸ್ಕಾರ. ಮುಂಗಾರಿನಲ್ಲಿ ನೆಡುವ ಉದ್ದೇಶದಿಂದ ಹೊಂಗೆ, ಬೇವು ಮತ್ತು ನೆಲ್ಲಿಯ ಸುಮಾರು 400 ಸಸಿಗಳನ್ನು ಕಪ್ಪು ಪಾಲಿಥಿನ್ ಚೀಲಗಳಲ್ಲಿ ಬೆಳೆಸುತ್ತಿದ್ದೇನೆ. ಮಾರ್ಚ್ ಬಂದ ಮೇಲೆ ಬೆಳಿಗ್ಗೆ ಹಾಕಿದ ನೀರು ಮಧ್ಯಾಹ್ನದೊಳಗೆ ಆರಿಹೋಗಿ, ಕೆಂಪು ಮಣ್ಣು ಮೇಲೆ ಹೆಪ್ಪುಗಟ್ಟುತ್ತಿದೆ. ಕೊಳವೆ ಬಾವಿಯ ನೀರು ಸಾಲದು. ತರಗೆಲೆ, ರಾಗಿ ಹುಲ್ಲು, ತೆಂಗಿನ ನಾರಿನ ಪುಡಿ, ಇವುಗಳಲ್ಲಿ ಯಾವುದನ್ನು ಎಷ್ಟು ದಪ್ಪ ಹೊದಿಸಬೇಕು? ಹೊದಿಸಿದರೆ ಸಸಿಗಳ ಬುಡ ಕೊಳೆಯುವುದಿಲ್ಲವೇ?

ಉತ್ತರ 1:
ಮೂರೂ ಆಗುತ್ತವೆ, ಸುಲಭವಾಗಿ ಸಿಗುವುದನ್ನೇ ಬಳಸಿ. ಈ ದಿನಗಳಲ್ಲಿ ನಗರದ ರಸ್ತೆಬದಿಯ ಮಳೆ ಮರಗಳು ಉದುರಿಸುವ ಎಲೆಗಳು ಚಿಕ್ಕವಾಗಿರುವುದರಿಂದ ಚೀಲದ ಬಾಯಿಯಲ್ಲಿ ಚೆನ್ನಾಗಿ ಕೂರುತ್ತವೆ. ನಾರಿನ ಪುಡಿಯಲ್ಲಿ ಉಪ್ಪಿನಂಶ ಇರಬಹುದಾದ್ದರಿಂದ ಅದನ್ನು ಎರಡು ಮೂರು ಸಲ ತೊಳೆದು ಹಾಕಬೇಕು. ಚೀಲದಲ್ಲಿ ಒಂದೆರಡು ಸೆಂಟಿಮೀಟರ್ ದಪ್ಪ ಸಾಕು. ಕಾಂಡದ ಸುತ್ತ ಒಂದು ಬೆರಳಿನಷ್ಟು ಜಾಗ ಬಿಟ್ಟು ಹೊದಿಸಿ, ಮುಂಜಾನೆಯೇ ನೀರು ಕೊಟ್ಟರೆ ಬುಡ ಕೊಳೆಯುವ ಭಯ ಬಹುಮಟ್ಟಿಗೆ ತಪ್ಪುತ್ತದೆ. ಆದರೆ ಈಗತಾನೇ ಮೊಳೆತ ಎಳೆಯ ಸಸಿಗಳಿಗೆ ಹೊದಿಕೆ ಬೇಡ.

ಉತ್ತರ 2:
ಮೇಲಿನವರ ಮಾತು ಸರಿಯೇ, ಆದರೂ ಮುಖ್ಯವಾದ ಒಂದು ಸಂಗತಿ ಉಳಿದಿದೆ. ಹೊದಿಕೆ ಕಾಪಾಡುವುದು ಚೀಲದ ಬಾಯಿಯನ್ನು ಮಾತ್ರ; ಬಿಸಿಲಿಗೆ ಬಿಸಿಯೇರುವುದು ಅದರ ಕಪ್ಪು ಪಕ್ಕಗಳು, ಬೇರುಗಳು ಸುತ್ತಿಕೊಂಡಿರುವುದೂ ಅಲ್ಲಿಯೇ. ನಾನು ಮೊದಲ ವರ್ಷ ಮೇಲೆ ಮಾತ್ರ ಹುಲ್ಲು ಹೊದಿಸಿ, ಸಾಲಿನ ಪಶ್ಚಿಮದ ಅಂಚಿನ ಸಸಿಗಳನ್ನೆಲ್ಲ ಕಳೆದುಕೊಂಡೆ; ನಡುವಿನವು ಒಂದಕ್ಕೊಂದು ನೆರಳಾಗಿ ಉಳಿದವು. ಆದ್ದರಿಂದ ಚೀಲಗಳನ್ನು ಒತ್ತಾಗಿ ಜೋಡಿಸಿ, ಸಾಧ್ಯವಾದರೆ ಚೀಲದ ಅರ್ಧದಷ್ಟು ಆಳದ ಕಾಲುವೆಯಲ್ಲಿ ಇಳಿಸಿ, ಸುತ್ತಲೂ ಹುಲ್ಲನ್ನೋ ತರಗೆಲೆಯನ್ನೋ ತುಂಬಿರಿ. ಒಣಹುಲ್ಲಿಗೆ ಗೆದ್ದಲು ಬರುತ್ತದೆ, ವಾರಕ್ಕೊಮ್ಮೆ ಎತ್ತಿ ನೋಡಬೇಕು.

ಇನ್ನೊಂದು ಎಚ್ಚರಿಕೆ: ಚಿಮುಕಿಸಿದಂತೆ ನೀರು ಹಾಕಿದರೆ ಹೊದಿಕೆಯೇ ಕುಡಿದುಬಿಡುತ್ತದೆ. ಸ್ವಲ್ಪ ಸರಿಸಿ, ಬೆರಳನ್ನು ಮೊದಲ ಗಿಣ್ಣಿನವರೆಗೆ ಮಣ್ಣಿಗೆ ಇಳಿಸಿ ತೇವ ಇದೆಯೇ ಎಂದು ನೋಡಿ, ಇಲ್ಲದಿದ್ದರೆ ಮಾತ್ರ ತಳದವರೆಗೆ ನೆನೆಯುವಂತೆ ಹಾಕಿರಿ.

ಉತ್ತರ 3:
ಬೀಜ ಕಟ್ಟಿದ ಪಾರ್ಥೇನಿಯಂ ಗಿಡಗಳನ್ನು ಕಿತ್ತು ಹೊದಿಸಬೇಡಿ, ಮಳೆ ಬಂದಾಗ ಸಸಿಗಿಂತ ಮೊದಲು ಅದೇ ಎದ್ದು ನಿಲ್ಲುತ್ತದೆ. 2024ರ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿಯು ತೋಟಗಾರಿಕೆಗೆ ಕುಡಿಯುವ ನೀರು ಬಳಸಬಾರದೆಂದು ಆದೇಶಿಸಿ, ತಪ್ಪಿದರೆ 5,000 ರೂಪಾಯಿ ದಂಡವೆಂದು ಹೇಳಿದ್ದು ನೆನಪಿದೆಯಲ್ಲವೇ? ಅಂದಿನಿಂದ ನಾನು ತರಕಾರಿ ಮತ್ತು ಅಕ್ಕಿ ತೊಳೆದ ನೀರನ್ನೇ ಸಸಿಗಳಿಗೆ ಹಾಕುತ್ತಿದ್ದೇನೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ನನ್ನಲ್ಲಿಯೂ ಒಣಗಿದವು ಪಶ್ಚಿಮದ ಸಾಲಿನವೇ. ನೀರು ತಲುಪುತ್ತಿಲ್ಲವೆಂದು ತಿಳಿದು ಅಲ್ಲಿಗೆ ಎರಡು ಪಟ್ಟು ಹಾಕುತ್ತಿದ್ದೆ. ನಾಳೆ ಮೊದಲು ಆ ಬದಿಗೆ ಕಾಲುವೆ ತೋಡಿಸುತ್ತೇನೆ.